ಸೀರಂ ಬೆಳ್ಳಗೆ ಕಂಡಾಗ

ಬಾಗಲಕೋಟೆಯ ರಕ್ತಪರೀಕ್ಷಾ ಲ್ಯಾಬ್ ಒಂದರಲ್ಲಿ ತಂತ್ರಜ್ಞನಾಗಿರುವ ನಾನು, ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದು ಇಷ್ಟೇ: ಲಿಪಿಡ್ ಪ್ರೊಫೈಲ್‌ಗೆ, ಅಂದರೆ ರಕ್ತದಲ್ಲಿನ ಕೊಬ್ಬಿನ ಪರೀಕ್ಷೆಗೆ ಬಂದ ಟ್ಯೂಬನ್ನು ಯಂತ್ರಕ್ಕೆ ಇಡುವ ಮುನ್ನ ಬೆಳಕಿಗೆ ಹಿಡಿದು ನೋಡಬೇಕು.

ಟ್ಯೂಬನ್ನು ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ತೆಗೆದಾಗ ರಕ್ತಕಣಗಳು ಕೆಳಗೆ ಕುಳಿತು, ಮೇಲೆ ತಿಳಿ ಹಳದಿ ಸೀರಂ ನಿಂತಿರಬೇಕು. ಶೇಂಗಾ ಹೋಳಿಗೆಗೆ ಧಾರಾಳವಾಗಿ ತುಪ್ಪ ಹಾಕಿಕೊಂಡು ಉಂಡು, ಮೂರು ನಾಲ್ಕು ತಾಸಿನಲ್ಲೇ ರಕ್ತ ಕೊಟ್ಟವರ ಸೀರಂ ಹಾಗಿರದೆ ಹಾಲಿನಂತೆ ಕದಡಿರಬಹುದು. ತುಪ್ಪದಲ್ಲಿಯೂ ಶೇಂಗಾ ಎಣ್ಣೆಯಲ್ಲಿಯೂ ಇರುವುದು ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಕೂಡಿಕೊಂಡ ಅಣು. ಅದು ನೀರಿನಲ್ಲಿ ಕರಗದು, ರಕ್ತದ ದ್ರವಭಾಗವೋ ಹೆಚ್ಚಾಗಿ ನೀರೇ. ಆದ್ದರಿಂದ ಕರುಳಿನ ಜೀವಕೋಶಗಳು ಕೊಬ್ಬನ್ನು ಒಳಗಿಟ್ಟು, ಸುತ್ತಲೂ ಫಾಸ್ಫೋಲಿಪಿಡ್‌ಗಳ ಒಂದೇ ಪದರವನ್ನು ಹೊದಿಸಿ, ಪ್ರೋಟೀನನ್ನೂ ಸೇರಿಸಿ, ಕೈಲೋಮೈಕ್ರಾನ್ ಎಂಬ ಕಣಗಳನ್ನು ಕಟ್ಟುತ್ತವೆ. ಫಾಸ್ಫೋಲಿಪಿಡ್‌ನ ಫಾಸ್ಫೇಟ್ ಇರುವ ತಲೆ ನೀರಿನ ಕಡೆಗೂ ಎರಡು ಬಾಲಗಳು ಕೊಬ್ಬಿನ ಕಡೆಗೂ ತಿರುಗಿರುತ್ತವೆ. ಇದೇ ಅಣುಗಳು ಎರಡು ಪದರವಾಗಿ ನಿಂತರೆ ಜೀವಕೋಶದ ಪೊರೆಯಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಕೈಲೋಮೈಕ್ರಾನ್‌ಗಳು ಬೆಳಕನ್ನು ಚದುರಿಸುವಷ್ಟು ದೊಡ್ಡವಾದ್ದರಿಂದ ಸೀರಂ ಬೆಳ್ಳಗೆ ಕಾಣುತ್ತದೆ.

ಇದರಿಂದ ವರದಿಯೂ ಕೆಡುತ್ತದೆ. 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದ ಕಡೆ 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲ್‌ನಿಂದ 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡ್‌ನ ಐದನೆಯ ಒಂದು ಪಾಲನ್ನೂ ಕಳೆಯುತ್ತಾರೆ. ಆ ಐದನೆಯ ಪಾಲು, ಯಕೃತ್ತು ಕಟ್ಟುವ ಕೊಬ್ಬಿನ ಕಣವಾದ ವಿಎಲ್‌ಡಿಎಲ್‌ನಲ್ಲಿರುವ ಕೊಲೆಸ್ಟ್ರಾಲ್‌ನ ಲೆಕ್ಕ. ಕೈಲೋಮೈಕ್ರಾನ್‌ನಲ್ಲಿ ಕೊಲೆಸ್ಟ್ರಾಲ್ ಟ್ರೈಗ್ಲಿಸರೈಡ್‌ನ ಐದನೆಯ ಒಂದು ಪಾಲಿಗಿಂತ ಬಹಳ ಕಡಿಮೆ ಇರುವುದರಿಂದ, ಕಳೆಯುವ ಪಾಲು ಹೆಚ್ಚಾಗಿ ಎಲ್‌ಡಿಎಲ್ ಇದ್ದುದಕ್ಕಿಂತ ಕಡಿಮೆ ಎಂದು ಬರುತ್ತದೆ. ಟ್ರೈಗ್ಲಿಸರೈಡ್ ಡೆಸಿಲೀಟರ್‌ಗೆ 400 ಮಿಲಿಗ್ರಾಂ ದಾಟಿದರೆ ಸೂತ್ರವನ್ನು ಬಳಸಲೇಬಾರದು. ಅದೇ ರಕ್ತದ ಹಿಮೋಗ್ಲೋಬಿನ್ ಕೂಡ ಸುಳ್ಳಾಗಿ ಏರಿ ಕಾಣಬಹುದು.

ಹೀಗಾಗಿ "ಅಜ್ಜಾರ, ಏನ್ ಉಂಡು ಬಂದೀರ್ರಿ? ಎಷ್ಟೊತ್ತಿಗೆ ಉಂಡೀರಿ?" ಎಂದು ಕೇಳಿ ಬರೆದುಕೊಳ್ಳುವುದು ಕೆಲಸದ ಒಂದು ಭಾಗವೇ ಆಗಿದೆ. ಸಂಶಯವಿದ್ದರೆ ಸೀರಂ ಅನ್ನು ರಾತ್ರಿಯಿಡೀ 4 ಡಿಗ್ರಿಯ ಫ್ರಿಜ್‌ನಲ್ಲಿ ಅಲುಗಾಡದಂತೆ ಇಡುತ್ತೇವೆ. ಬೆಳಿಗ್ಗೆ ಮೇಲೆ ಕೆನೆ ಕಟ್ಟಿ ಕೆಳಗೆ ತಿಳಿಯಾಗಿದ್ದರೆ ಅದು ಕೈಲೋಮೈಕ್ರಾನ್. ಕೆನೆ ಕಟ್ಟದೆ ಇಡೀ ಸೀರಂ ಕದಡಿಯೇ ಇದ್ದರೆ ವಿಎಲ್‌ಡಿಎಲ್ ಹೆಚ್ಚಿದೆ ಎಂದರ್ಥ. ಹನ್ನೆರಡು ತಾಸು ಉಪವಾಸವಿದ್ದು ಬಂದವರ ಸೀರಂ ಬೆಳ್ಳಗಿದ್ದರೆ ಮಾತ್ರ ಮರುದಿನದವರೆಗೆ ಕಾಯುವಂತಿಲ್ಲ. ಟ್ರೈಗ್ಲಿಸರೈಡ್ 1000 ದಾಟಿದ್ದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಅಪಾಯವಿರುವುದರಿಂದ, ವರದಿ ಮುದ್ರಿಸುವ ಮೊದಲೇ ವೈದ್ಯರಿಗೆ ಫೋನ್ ಮಾಡಿ ತಿಳಿಸುತ್ತೇವೆ.