ಇಲ್ಲ, ನಿಮ್ಮ ಹಳೇ ಕೇಸು ಬಿದ್ದುಹೋಗಿಲ್ಲ

"ಲಾಯರ್ ಸಾಹೇಬ್ರೇ, ಐಪಿಸಿನೇ ಹೋಯ್ತಲ್ಲ, ನಮ್ಮ ಹಳೇ ಕೇಸು ಏನಾಯ್ತು?"

ಯಾವುದು ಅಪರಾಧ, ಶಿಕ್ಷೆ ಎಷ್ಟು ಎಂದು ಹೇಳುತ್ತಿದ್ದ ಐಪಿಸಿಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂತು. ಅಂದಿನಿಂದ ಇದಕ್ಕೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಏನೂ ಆಗಿಲ್ಲ. ಅಪರಾಧ ನಡೆದ ದಿನ ಯಾವ ಕಾನೂನು ಇತ್ತೋ ಅದೇ. ಜೂನ್ 30ರ ರಾತ್ರಿ ಹನ್ನೊಂದಕ್ಕೆ ಹೊಡೆದಾಡಿದ್ದರೆ ಐಪಿಸಿ, ಹನ್ನೆರಡು ದಾಟಿದ ಮೇಲಾದರೆ ಭಾರತೀಯ ನ್ಯಾಯ ಸಂಹಿತೆ. ಜೂನ್‌ನಲ್ಲಿ ಹೊಡೆದಾಡಿ ಆಗಸ್ಟ್‌ನಲ್ಲಿ ದೂರು ಕೊಟ್ಟರೆ ಸೆಕ್ಷನ್ ಹಳೆಯದು, ತನಿಖೆ ಮಾತ್ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಎನ್ನುವ ಕಾನೂನು) ಪ್ರಕಾರ. ಆಗಲೇ ವಿಚಾರಣೆಯಲ್ಲಿದ್ದ ಕೇಸು ಅದರ ಹಳೇ ರೂಪವಾದ ಸಿಆರ್‌ಪಿಸಿಯಲ್ಲೇ ಮುಗಿಯಬೇಕು. ನಾವು ಮಾತ್ರ ಎರಡೂ ಪುಸ್ತಕ ಹೊತ್ತು ತಿರುಗಬೇಕು.

ಕೆಲವರು ಕೇಳುವ ಧಾಟಿ ಇನ್ನೂ ಚೆಂದ. ಒಂದು ಬೀಗರ ಊಟದಲ್ಲಿ ಪಕ್ಕದ ಎಲೆಯವರು ಮೂಳೆ ಕಡಿಯುತ್ತಲೇ, "420 ತೆಗೆದುಬಿಟ್ರಂತೆ. ಹಾಗಾದ್ರೆ ಚೀಟಿ ದುಡ್ಡು ನುಂಗಿದ್ರೆ ಈಗ ಕೇಸಿಲ್ಲ ಅಲ್ವಾ?" ಎಂದರು. ಪಾಪ, ದುಡ್ಡು ಕಳೆದುಕೊಂಡವರು ಅಂದುಕೊಂಡೆ. ಮೋಸ ಈಗ 318ನೇ ಸೆಕ್ಷನ್, ನಿಮ್ಮ 420 ಅದರ 4ನೇ ಉಪವಿಭಾಗದಲ್ಲಿದೆ, ಜೈಲು ಅದೇ 7 ವರ್ಷದವರೆಗೆ ಎಂದು ಧೈರ್ಯ ತುಂಬಿದೆ. ಅವರ ಮುಖ ಸಣ್ಣಗಾಯಿತು. ಚೀಟಿ ನಡೆಸುತ್ತಿದ್ದವರೇ ಅವರು ಎಂದು ಕೈ ತೊಳೆಯುವಾಗ ಯಾರೋ ಹೇಳಿದರು.

(ಕೊಲೆಯ 302 ಈಗ 103. ಹೊಸ ಪುಸ್ತಕದ 302 ಅಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ಸಿನಿಮಾ ಡೈಲಾಗ್ ಬರೆಯುವವರ ಗತಿ ಏನೋ.)

ಕೇಸು ಬೇಗ ಮುಗಿಯುತ್ತಾ? ಕೊಲೆಯಂಥ ದೊಡ್ಡ ಕೇಸು ನಡೆಯುವ ಸೆಷನ್ಸ್ ಕೋರ್ಟಿನಲ್ಲಿ ವಾದ ಮುಗಿದ 30 ದಿನದೊಳಗೆ, ಕಾರಣ ಬರೆದರೆ 45 ದಿನದೊಳಗೆ ತೀರ್ಪು ಬರಬೇಕು ಎಂದಿದೆ, ನಿಜ. ಆದರೆ ವಾದದ ತನಕ ಬರಬೇಕಲ್ಲ!

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: "ನನ್ನ ಮೊಬೈಲ್ ವಿಡಿಯೋ ಕೋರ್ಟಲ್ಲಿ ನಿಲ್ಲುತ್ತಾ?" ಸುಮ್ನೆ ವಾಟ್ಸಾಪ್‌ನಲ್ಲಿ ನನಗೆ ತಳ್ಳಿ, ಜಾಗ ಸಾಲದು ಅಂತ ಮೂಲ ಫೈಲ್ ಅಳಿಸಿಬಿಡುತ್ತಾರೆ. ಸಾಕ್ಷ್ಯದ ಹೊಸ ಕಾನೂನಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಓದಿದರೆ ಹಾಗೆ ಮಾಡುವುದಿಲ್ಲ. ವಿಡಿಯೋ ಜೊತೆ ಸರ್ಟಿಫಿಕೇಟ್ ಬೇಕು. ಒಂದು ಭಾಗ ನೀವು ತುಂಬಬೇಕು, ಇನ್ನೊಂದು ತಜ್ಞರು. ಆ ತಜ್ಞರು ಯಾರು ಎಂಬ ವಾದ ವಕೀಲರಲ್ಲೇ ಮುಗಿದಿಲ್ಲ, ಅದು ಬೇರೆ ರಗಳೆ. ಸರ್ಟಿಫಿಕೇಟಿನ ಎರಡೂ ಭಾಗದಲ್ಲಿ ಹ್ಯಾಶ್ ವ್ಯಾಲ್ಯೂ ಬರೆಯಬೇಕು. ಅದು ಫೈಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಅಕ್ಷರ-ಅಂಕಿಗಳ ಸಾಲು, ಫೈಲಿನ ಬೆರಳಚ್ಚು ಇದ್ದಂತೆ. ಒಂದು ಸೆಕೆಂಡ್ ಕತ್ತರಿಸಿದರೂ ಬೇರೆಯಾಗುತ್ತದೆ. ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸಿ ಕಳಿಸಿದಾಗಲೂ ಅಷ್ಟೇ.

ಆದ್ದರಿಂದ ಜಗಳದ ವಿಡಿಯೋ ತೆಗೆದಿದ್ದರೆ ಅದು ಆ ಫೋನಿನಲ್ಲೇ ಇರಲಿ. ದೀಪಾವಳಿ ಎಕ್ಸ್‌ಚೇಂಜ್ ಆಫರ್‌ಗೆ ಫೋನ್ ಕೊಡುವ ಮುಂಚೆ ನನ್ನನ್ನು ಒಂದು ಮಾತು ಕೇಳಿ.