ಡಬ್ಲ್ಯು-ಆರ್ ಪದಪಟ್ಟಿ: ಎರಡನೇ ಸೋಸು

ಡಬ್ಲ್ಯು, ಆರ್ ಜೋಡಿಯಿಂದ ಶುರುವಾಗುವ ಇಂಗ್ಲಿಷ್ ಪದಗಳ ಕಚ್ಚಾಪಟ್ಟಿ 1913ರ ವೆಬ್‌ಸ್ಟರ್ ನಿಘಂಟಿನಿಂದ ತಯಾರಾಗಿದೆ. ಉಚಿತ ಇ-ಪುಸ್ತಕಗಳ ತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಸಾದಾ ಪಠ್ಯದಲ್ಲಿ ಮುಖ್ಯಪದಗಳೆಲ್ಲ ಕ್ಯಾಪಿಟಲ್ ಅಕ್ಷರಗಳಲ್ಲಿ, ಬೇರೆ ಸಾಲಿನಲ್ಲೇ ಇವೆ. ಹಾಗಾಗಿ ಸಾಲಿನ ಮೊದಲಿಗೇ ಈ ಎರಡು ಕ್ಯಾಪಿಟಲ್ ಅಕ್ಷರ ಹುಡುಕಿದರೆ ಸಾಕು. ನಾಮಪದಕ್ಕೊಮ್ಮೆ, ಕ್ರಿಯಾಪದಕ್ಕೊಮ್ಮೆ ಅದೇ ಪದ ಬರುವುದರಿಂದ ಡೂಪ್ಲಿಕೇಟ್ ತೆಗೆಯಲೇಬೇಕು. ಶೀಟ್‌ನಲ್ಲಿ ಕನ್ನಡದ ಉಚ್ಚಾರಣೆಯೊಂದೇ ಇದ್ದರೆ ಸಾಲದು: ಈ ಜೋಡಿಯಲ್ಲಿ ಡಬ್ಲ್ಯು ಕೇಳಿಸದ್ದರಿಂದ ಬರೆಯುವ ರೈಟ್, ಕುಶಲಕರ್ಮಿಯ ರೈಟ್, ಬಲಗಡೆಯ ರೈಟ್ ಮೂರೂ ಒಂದೇ ಆಗಿಬಿಡುತ್ತವೆ. ರೋಮನ್ ಕಾಗುಣಿತದ ಕಾಲಂ ಮೊದಲಿರಲಿ.

ಈ ಸುತ್ತಿನ ಮುಖ್ಯ ಕೆಲಸ, 'ಡಬ್ಲ್ಯು-ಆರ್ ಎಂದರೆ ತಿರುಚುವುದು' ಎಂಬ ಮಾತನ್ನು ಪರೀಕ್ಷಿಸುವುದು. ಬಟ್ಟೆ ಹಿಂಡುವ ರಿಂಗ್, ಸೊಟ್ಟ ಎಂಬರ್ಥದ ರೈ, ಮೈ ನುಲಿಯುವ ರೈದ್, ಕೈಮಣಿಕಟ್ಟಿನ ರಿಸ್ಟ್ ನಿಜಕ್ಕೂ ಈ ಗುಂಪಿನವೇ. ಹಳೆಯ ಸ್ಕ್ಯಾಂಡಿನೇವಿಯನ್ ಭಾಷೆ ನಾರ್ಸ್‌ನಿಂದ ಬಂದ, 'ತಪ್ಪು' ಎಂಬರ್ಥದ ರಾಂಗ್‌ಗೂ ಮೂಲದಲ್ಲಿ 'ಡೊಂಕು' ಎಂದೇ ಅರ್ಥ. ಬರೆಯುವ ರೈಟ್ ಈ ಸಾಲಿಗೆ ಸೇರದು, ಅದರ ಹಳೆಯ ಅರ್ಥ ಗೀರುವುದು, ಕೆತ್ತುವುದು. ಕುಶಲಕರ್ಮಿಯ ರೈಟ್ ಅಂತೂ ವರ್ಕ್ ಪದದ ಕುಟುಂಬದ್ದು. ಮೊದಲು ಸ್ವರದ ನಂತರವಿದ್ದ ಆರ್ ಆಮೇಲೆ ಸ್ವರಕ್ಕಿಂತ ಮೊದಲಿಗೆ ಸರಿದು ಈ ಜೋಡಿ ಹುಟ್ಟಿತು. ರ‍್ಯಾಸ್ ಎಂಬ ಮೀನಿನ ಹೆಸರು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ಕಾರ್ನಿಶ್ ಭಾಷೆಯದು.

ಇಂಗ್ಲಿಷ್‌ನಲ್ಲಿ ಈ ಡಬ್ಲ್ಯು 17ನೇ ಶತಮಾನದ ಹೊತ್ತಿಗೆ ಮೌನವಾಯಿತು. ಡಚ್, ಸ್ವೀಡಿಶ್‌ಗಳಲ್ಲಿ 'ವ್ರ' ಇನ್ನೂ ಕೇಳಿಸುತ್ತದೆ, ಆದ್ದರಿಂದ ಮೂಲ ಪರೀಕ್ಷಿಸಲು ಅವೇ ಸರಿ. ಐಸ್‌ಲ್ಯಾಂಡಿಕ್‌ ಬೇಡ, ಅಲ್ಲಿ ಆರ್‌ಗಿಂತ ಮೊದಲು ಬರುತ್ತಿದ್ದ ವ ಎಂದೋ ಬಿದ್ದುಹೋಗಿದೆ.

ಈ ಪರೀಕ್ಷೆಯಿಂದ ಸಿಕ್ಕ ಅತ್ಯಂತ ಬೆಲೆಬಾಳುವ ಪದ, ಹಂದಿ ಮೂತಿಯಿಂದ ನೆಲ ಕೆದಕುವ ರೂಟ್. ಹಳೆ ಇಂಗ್ಲಿಷ್‌ನಲ್ಲಿ ಇದಕ್ಕೆ ಡಬ್ಲ್ಯು ಇತ್ತು. ಡಚ್ಚರ 'ವ್ರೂಟನ್' ಈಗಲೂ ಅದನ್ನು ಹಿಡಿದುಕೊಂಡಿದೆ. ಇಂಗ್ಲಿಷ್‌ನವರು ಕಾಗುಣಿತದಿಂದಲೇ ತೆಗೆದುಹಾಕಿದ್ದರಿಂದ ಗಿಡದ ಬೇರಿನ ರೂಟ್ ಜೊತೆ ಬೆರೆತುಹೋಗಿದೆ. ಅಕ್ಷರ ನೋಡಿ ಹುಡುಕುವ ಯಾವ ಫಿಲ್ಟರ್‌ಗೂ ಇಂಥದ್ದು ಸಿಗುವುದಿಲ್ಲ, ವ್ಯುತ್ಪತ್ತಿ ಓದಿಯೇ ಹಿಡಿಯಬೇಕು.

ಹಸ್ತಪ್ರತಿಗಳ ಕಡೆ ಹೋಗುವವರು ವಿನ್ ಅಕ್ಷರದ ಬಗ್ಗೆ ಎಚ್ಚರವಿರಲಿ. ಹಳೆ ಇಂಗ್ಲಿಷ್ ಲಿಪಿಕಾರರು ವಕಾರಕ್ಕೆ ಬಳಸುತ್ತಿದ್ದ ಈ ಅಕ್ಷರ ನೋಡಲು ಪಿ ಥರವೇ ಇದೆ. ಓಸಿಆರ್ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ಅದನ್ನು ಪಿ ಎಂದು ಓದಿದರೆ ಪದ ಬೇರೆಲ್ಲೋ ಸೇರಿಬಿಡುತ್ತದೆ. ಈಚಿನ ಮುದ್ರಿತ ಆವೃತ್ತಿಗಳು ಡಬ್ಲ್ಯುವನ್ನೇ ಹಾಕುವುದರಿಂದ ಅವುಗಳಿಂದ ತೆಗೆದುಕೊಳ್ಳುವುದು ಕ್ಷೇಮ.

ಡಬ್ಲ್ಯು-ಎಲ್ ಪದಗಳಿಗೆ ಬೇರೆ ಶೀಟ್ ತೆರೆದಿದ್ದೇವೆ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಬಳಸಿದ, 'ಹೇಸಿಗೆ ಹುಟ್ಟಿಸುವ' ಅರ್ಥದ ವ್ಲಾಟ್ಸಮ್ ಅದರಲ್ಲಿ ಮೊದಲನೆಯದು. ಇವತ್ತಿನ ಇಂಗ್ಲಿಷ್‌ನಲ್ಲಿ ಆ ಗುಂಪಿನದು ಒಂದೂ ಉಳಿದಿಲ್ಲ.

ಬಾಕಿ ಇರುವುದು ಸ್ಕಾಟ್ಲೆಂಡಿನ ಭಾಷೆ ಸ್ಕಾಟ್ಸ್. ಈಶಾನ್ಯ ಸ್ಕಾಟ್ಲೆಂಡಿನ ಉಪಭಾಷೆ ಡೋರಿಕ್‌ನಲ್ಲಿ ರಾಂಗ್‌ಗೆ 'ವ್ರ್ಯಾಂಗ್' ಎನ್ನುತ್ತಾರೆ, ಬರೆಯುವುದೂ ವಿ ಅಕ್ಷರದಿಂದ. ಅಲ್ಲಿ ವಿ-ಆರ್ ಎಂದೂ ಇನ್ನೊಮ್ಮೆ ಹುಡುಕಬೇಕು.