ಡ್ರಿಲ್ ಸರ್ ಅಳೆದ ದೂರ

ನಮ್ಮ ಡ್ರಿಲ್ ಸರ್ ತೀರಿಕೊಂಡ ಸುದ್ದಿ ಕಳೆದ ತಿಂಗಳು ಬಂದಾಗ, ಅವರ ಕೊರಳಲ್ಲಿ ಸದಾ ತೂಗುತ್ತಿದ್ದ ಸ್ಟಾಪ್‌ವಾಚು ಮತ್ತು ಪ್ರತಿ ಮಳೆಗಾಲದಲ್ಲೂ ಅವರು ಹೇಳುತ್ತಿದ್ದ ಒಂದು ಕಥೆ ನನಗೆ ಒಟ್ಟಿಗೇ ನೆನಪಾದವು.

ಬೆಳಗಾವಿಯ ಮಳೆಗೆ ಮೈದಾನ ವಾರಗಟ್ಟಲೆ ಕೆರೆಯಾಗಿ ನಿಂತಾಗ, ಅವರು ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಇದೇ ಊರಿನ ಓಟಗಾರ ಫಡೆಪ್ಪ ದರೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ಆಯ್ಕೆಯಾದ ಬಗೆಯನ್ನು ಹೇಳುತ್ತಿದ್ದರು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನ ರೈತರ ಓಟ ಕಂಡು ಬೆರಗಾದ ದೋರಾಬ್ಜಿ ಟಾಟಾ ಅವರು ಭಾರತದ ತಂಡವೂ ಹೋಗಬೇಕೆಂದು ಪಟ್ಟು ಹಿಡಿದದ್ದು, ಪುಣೆಯಲ್ಲಿ ಆಯ್ಕೆಯ ಓಟಗಳು ನಡೆದು ನಾಲ್ವರು ಓಟಗಾರರೂ ಇಬ್ಬರು ಪೈಲ್ವಾನರೂ ಆರಿಸಿ ಬಂದದ್ದು, ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳಿ, “ಆ ಮ್ಯಾರಥಾನ್ ಎಷ್ಟ ದೂರ ಇತ್ತೋ?” ಎಂದು ಥಟ್ಟನೆ ಕೇಳುತ್ತಿದ್ದರು. ಈಗಿನ ನಿಗದಿತ ದೂರವಾದ 42.195 ಕಿ.ಮೀ. ಎಂದವನ ತಲೆಗೊಂದು ಮೊಟಕು ಬೀಳುತ್ತಿತ್ತು. ಆಂಟ್‌ವರ್ಪಿನ ಹಾದಿ 42.75 ಕಿ.ಮೀ. ಇತ್ತು, ಚೌಗುಲೆಯವರು ಅಷ್ಟನ್ನೂ 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾಗಿದ್ದರು. “ಐದನೂರಾ ಐವತ್ತೈದ ಮೀಟರ್ ಹೆಚ್ಚಿಗಿ ಓಡ್ಯಾರ. ಅದನ್ನ ನುಂಗಬ್ಯಾಡ್ರೋ,” ಎನ್ನುವಾಗ ಅವರ ದನಿ ಗಡುಸಾಗುತ್ತಿತ್ತು.

ಅಂಥವರ ಕಣ್ಣಿಗೇ ಮಣ್ಣೆರಚಲು ನಾನು ಹೊರಟೆ. ತಾಲ್ಲೂಕು ಕ್ರೀಡಾಕೂಟದ ಆಯ್ಕೆಗೆಂದು ವಡಗಾವಿಯಿಂದ ಯಳ್ಳೂರಿಗೆ ಹೋಗಿ ಮರಳುವ ಓಟವಿತ್ತು. ನಾನು ಅರ್ಧದಲ್ಲೇ ರಸ್ತೆ ಬಿಟ್ಟು, ಬಾಸುಮತಿ ಭತ್ತದ ಗದ್ದೆಗಳ ಬದುಗಳ ಮೇಲೆ ಹಾಯ್ದು ಎಲ್ಲರಿಗಿಂತ ಮೊದಲು ಬಂದು ನಿಂತೆ. ಸರ್ ಗಡಿಯಾರ ನೋಡಲಿಲ್ಲ. ಮೊಣಕಾಲವರೆಗೆ ಮೆತ್ತಿದ್ದ ಕಪ್ಪು ರಾಡಿಯನ್ನೂ ಬೆರಳುಗಳ ಸಂದಿಯಲ್ಲಿ ಸಿಕ್ಕಿದ್ದ ಭತ್ತದ ಎಲೆಯನ್ನೂ ನೋಡಿದರು. “ಎಷ್ಟ ಓಡಿದಿ ತಮ್ಮಾ?” ಎಂದಷ್ಟೇ ಕೇಳಿ, ವೇಳೆ ಬರೆಯುವ ವಹಿಯನ್ನು ನನ್ನ ಕೈಗಿಟ್ಟರು. ನನ್ನ ಹೆಸರಿನ ಮುಂದೆ ‘ಪೂರ್ಣ ದೂರ ಓಡಿಲ್ಲ’ ಎಂದು ನಾನೇ ಬರೆದೆ. ಮರುದಿನ ನಸುಕಿನಲ್ಲಿ ಅವರು ಸೈಕಲ್ ಹತ್ತಿ ಬಂದು, ನನ್ನೊಬ್ಬನನ್ನೇ ಅದೇ ದಾರಿಯಲ್ಲಿ ಪೂರಾ ಓಡಿಸಿದರು. ತಂಡದಲ್ಲಿ ನನಗೆ ಜಾಗ ಸಿಗಲಿಲ್ಲ. ಆದರೆ ಮರುವರ್ಷ ಜಿಲ್ಲಾ ಮಟ್ಟದಲ್ಲಿ ಎರಡನೆಯವನಾಗಿ ಬಂದೆ. ನಮ್ಮ ಶಾಲೆಯಿಂದ ಅಲ್ಲಿಯವರೆಗೆ ಹೋದ ಮೊದಲ ದೂರದ ಓಟಗಾರ ನಾನೇ ಎಂಬ ಅಭಿಮಾನ ಇಂದಿಗೂ ಇದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಮ್ಯಾರಥಾನ್‌ಗೆ ಅರ್ಹತಾ ಸಮಯ 2 ಗಂಟೆ 8 ನಿಮಿಷ 10 ಸೆಕೆಂಡು ಇತ್ತು ಎಂಬುದನ್ನು ಇಂದಿನ ಮಕ್ಕಳು ಮೊಬೈಲಿನಲ್ಲಿ ಕ್ಷಣದಲ್ಲಿ ಹುಡುಕಬಲ್ಲರು. ಆದರೆ ಆಟದ ಪಿರಿಯಡ್ ಗಣಿತದ ಪಾಲಾಗಿ, ಮೈದಾನದಲ್ಲಿ ವಾಹನಗಳು ನಿಲ್ಲುವ ಶಾಲೆಗಳನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಆ ಮಕ್ಕಳ ಕಾಲಿನ ರಾಡಿಯನ್ನು ನೋಡುವವರು ಯಾರು?

ಸರ್ ಅವರ ಮನೆಗೆ ಹೋದಾಗ ಅವರ ಮಗ ಆ ವಹಿಯನ್ನು ತೆಗೆದು ತೋರಿಸಿದರು. ನಾನು ಬರೆದ ಸಾಲು ಹಾಗೆಯೇ ಇತ್ತು. ಅದರ ಕೆಳಗೆ ಆ ನಸುಕಿನ ಓಟದ ದಿನಾಂಕ ಮತ್ತು ನನ್ನ ವೇಳೆಯನ್ನು ಸೆಕೆಂಡಿನವರೆಗೆ ಬರೆದು, ‘ಪೂರ್ಣ ದೂರ’ ಎಂದು ಸರ್ ತಮ್ಮ ಸಹಿ ಹಾಕಿದ್ದರು.